ತಿಂಡಿ ಪೊಟ್ಟಣ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಕುರುಕಲು ತಿಂಡಿ ಕಂಪನಿಗಳ ಪ್ಯಾಕೇಜಿಂಗ್ ವಿಭಾಗದ ಮಾನ್ಯರೇ,

ನಿಮಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಕರಿದ ಚಿಪ್ಸನ್ನು ತಟ್ಟೆಯಲ್ಲಿ ತೆರೆದಿಟ್ಟರೆ ಸಂಜೆಯೊಳಗೆ ಮೆತ್ತಗಾಗುತ್ತದೆ, ಆಮೇಲೆ ಕಮಟು ಹಿಡಿಯುತ್ತದೆ. ಮೆತ್ತಗಾಗಿಸುವುದು ಗಾಳಿಯ ತೇವ, ಕಮಟು ಹಿಡಿಸುವುದು ಆಮ್ಲಜನಕ. ಅದೇ ಚಿಪ್ಸ್ ನಿಮ್ಮ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಗರಿಗರಿಯಾಗಿ ಉಳಿಯುತ್ತದೆ. ಒಳಗಿನ ಗಾಳಿ ಓಡಿಸಿ ಸಾರಜನಕ ತುಂಬುತ್ತೀರಿ. ಹೊರಗಿನ ಆಮ್ಲಜನಕ ಮತ್ತೆ ನುಸುಳದಂತೆ ತಡೆಯುವ ಕೆಲಸ ಆ ತೆಳ್ಳನೆಯ ಫಿಲ್ಮಿನದು.

ಖಾಲಿ ಪೊಟ್ಟಣವೊಂದನ್ನು ಸೀಳಿ, ಒಳಮಗ್ಗುಲನ್ನು ದೀಪಕ್ಕೆ ಹಿಡಿದು ನೋಡಿದ್ದೇನೆ. ಕನ್ನಡಿಯ ಹಾಗೆ ಹೊಳೆಯುವ ಆ ಬೆಳ್ಳಿ ಬಣ್ಣದಾಚೆ ಬಲ್ಬು ಮಂಕಾಗಿ ಕಾಣುತ್ತದೆ. ಅದು ತಗಡಲ್ಲ. ನಿರ್ವಾತದಲ್ಲಿ ಅಲ್ಯೂಮಿನಿಯಮ್ಮನ್ನು ಆವಿ ಮಾಡಿ ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿದ ಲೇಪ. ಅದರ ದಪ್ಪ ಒಂದು ಮೈಕ್ರಾನಿನ ಇಪ್ಪತ್ತರಲ್ಲೊಂದು ಪಾಲಿನ ಆಸುಪಾಸು. ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಚರಚರ ಸದ್ದು ಮಾಡುತ್ತ ಮತ್ತೆ ಬಿಚ್ಚಿಕೊಳ್ಳುತ್ತದೆ. ನಿಜವಾದ ಅಲ್ಯೂಮಿನಿಯಂ ಹಾಳೆಯಾಗಿದ್ದರೆ ಮುದ್ದೆಯಾಗಿಯೇ ಉಳಿಯುತ್ತಿತ್ತು. ಲೋಹ ಅಷ್ಟು ಕಡಿಮೆ, ಆದರೂ ಆಮ್ಲಜನಕಕ್ಕೆ ಅಷ್ಟು ದೊಡ್ಡ ತಡೆ. ಈ ಜಾಣ್ಮೆಗೆ ತಲೆಬಾಗುತ್ತೇನೆ.

ಲೋಹವಿಲ್ಲದ, ಪ್ಲಾಸ್ಟಿಕ್ಕಿನದೇ ತಡೆಗಳೂ ನಿಮ್ಮಲ್ಲಿವೆ. 1933ರಲ್ಲಿ ಅಮೆರಿಕದ ಡೌ ಕಂಪನಿಯ ಪ್ರಯೋಗಶಾಲೆಯಲ್ಲಿ ರಾಲ್ಫ್ ವೈಲಿಗೆ ಪಾತ್ರೆಯ ತಳದಲ್ಲಿ ಅಕಸ್ಮಾತ್ತಾಗಿ ಸಿಕ್ಕ ಪಿವಿಡಿಸಿ ಒಂದು. ಅದರಲ್ಲಿ ಕ್ಲೋರಿನ್ ಇದೆ. ಕಸದ ರಾಶಿಗೆ ಬೆಂಕಿ ಇಟ್ಟಾಗ ಅದು ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಬರುತ್ತದೆ. ಇನ್ನೊಂದು ಜಪಾನಿನ ಕುರಾರೇ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ ಇವಿಒಎಚ್. ಅಷ್ಟೇ ದಪ್ಪದ ಸಾಧಾರಣ ಪಾಲಿಥೀನ್ ಬಿಡುವ ಆಮ್ಲಜನಕದ ಸುಮಾರು 10,000ದಲ್ಲಿ ಒಂದು ಪಾಲನ್ನಷ್ಟೇ ಅದು ಬಿಡುತ್ತದೆ. ತೇವ ತಗುಲಿದರೆ ಮಾತ್ರ ಅದರ ಬಲ ಕುಗ್ಗುತ್ತದೆ. ಹಾಗಾಗಿ ಅದನ್ನು ತೇವ ತಡೆಯುವ ಎರಡು ಪ್ಲಾಸ್ಟಿಕ್‌ಗಳ ನಡುವೆ ಇಟ್ಟು, ಅಂಟಿನ ಪದರ ಕೊಟ್ಟು ಬೆಸೆಯುತ್ತೀರಿ.

ನನ್ನ ತಕರಾರು ಶುರುವಾಗುವುದು ಈ ಬೆಸುಗೆಯಿಂದ. ಬೆಂಗಳೂರಿನ ಯಾವುದೇ ಒಣಕಸ ಸಂಗ್ರಹ ಕೇಂದ್ರಕ್ಕೆ ಹೋಗಿ ನಿಲ್ಲಿ. ಕಸ ಬೇರ್ಪಡಿಸುವ ಹೆಂಗಸು ಹಾಲಿನ ಕವರನ್ನು ಎತ್ತಿ ಪಕ್ಕಕ್ಕಿಡುತ್ತಾಳೆ. ಅದು ಪಾಲಿಥೀನ್, ಕರಗಿಸಬಹುದು, ಅದಕ್ಕೆ ಬೆಲೆಯಿದೆ. ನಿಮ್ಮ ಪೊಟ್ಟಣ ಮಾತ್ರ ಎಂಎಲ್‌ಪಿ, ಅಂದರೆ ಬಹುಪದರ ಪ್ಲಾಸ್ಟಿಕ್ಕಿನ ರಾಶಿಗೆ ಹೋಗುತ್ತದೆ. ಹೊರಗೆ ಪಾಲಿಯೆಸ್ಟರ್, ಒಳಗೆ ಪಾಲಿಥೀನ್, ನಡುವೆ ಲೋಹದ ಲೇಪ, ಶಾಯಿ, ಅಂಟು. ಇವನ್ನು ಬಿಡಿಸಿ ಮಾರುವುದು ಯಾವ ಗುಜರಿಯವನಿಗೂ ಗಿಟ್ಟುವುದಿಲ್ಲ. ತೂಕವೂ ಇಲ್ಲ. ನೂರಾರು ಪೊಟ್ಟಣ ಆಯ್ದರೂ ಆಕೆಯ ಕೈಗೆ ಕಾಸು ಸೇರುವುದಿಲ್ಲ. ಆದ್ದರಿಂದಲೇ ರಸ್ತೆ ಬದಿಯ ಹಾಲಿನ ಕವರು ಮಾಯವಾದರೂ ಚಿಪ್ಸ್ ಪೊಟ್ಟಣ ಅಲ್ಲೇ ಬಿದ್ದಿರುತ್ತದೆ. ಆಮ್ಲಜನಕ ಎಷ್ಟು ನುಸುಳುತ್ತದೆಂದು ಚದರ ಮೀಟರಿಗೆ, ದಿನಕ್ಕೆ ಇಷ್ಟೆಂದು ಲೆಕ್ಕ ಇಡುವವರು ನೀವು. ಆಕೆಯ ಕೈಯಲ್ಲಿ ಪೊಟ್ಟಣ ಏನಾಗುತ್ತದೆಂಬ ಲೆಕ್ಕವನ್ನೂ ಅದೇ ಶ್ರದ್ಧೆಯಿಂದ ಇಡಬೇಕಿತ್ತು.

ಕಾನೂನು ಒಮ್ಮೆ ನಿಮ್ಮನ್ನು ಹಿಡಿಯಲು ಹೊರಟಿತ್ತು. ಮರುಬಳಕೆ ಮಾಡಲಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ಕೈಬಿಡಬೇಕೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮ ಹೇಳಿತು. ಗಡುವು ಹತ್ತಿರವಾದ 2018ರಲ್ಲಿ ತಿದ್ದುಪಡಿ ಬಂತು. ಉರಿಸಿ ಶಾಖ ಪಡೆಯಲಾಗದ, ಬೇರೆ ಯಾವ ಉಪಯೋಗಕ್ಕೂ ಬಾರದ ಎಂಬ ಮಾತುಗಳು ಸೇರಿಕೊಂಡವು. ಪ್ಲಾಸ್ಟಿಕ್ ಎಂದಮೇಲೆ ಉರಿಯದೆ ಇರುತ್ತದೆಯೇ? ಅಲ್ಲಿಗೆ ಆ ನಿಯಮದ ಹಲ್ಲು ಉದುರಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸ್ಟ್ರಾ, ಚಮಚ, ಲೋಟಗಳಿಗೆ ನಿಷೇಧ ಬಂತು. ನಿಮ್ಮ ಪೊಟ್ಟಣ ಉಳಿಯಿತು. ಈಗ ಬೇರ್ಪಡಿಸಿದ ಎಂಎಲ್‌ಪಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಕಲ್ಲಿದ್ದಲಿನ ಜೊತೆ ಹೋಗುತ್ತದೆ. ಬಯಲಲ್ಲಿ ಸುಡುವುದಕ್ಕಿಂತ ಅದು ಮೇಲು ಎಂದು ಒಪ್ಪುತ್ತೇನೆ. ಆದರೆ ಅದನ್ನು ಮರುಬಳಕೆ ಎಂದು ಕರೆಯಬೇಡಿ.

ಆಹಾರ ಕೆಟ್ಟರೆ ಅದು ಇನ್ನೂ ದೊಡ್ಡ ನಷ್ಟ ಎಂದು ನೀವು ಹೇಳುತ್ತೀರಿ. ನಿಜ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಗಡಿಯ ಸೈನಿಕರಿಗಾಗಿ ರಿಟಾರ್ಟ್ ಪೊಟ್ಟಣದ ಊಟ ರೂಪಿಸಿತು. ಪೊಟ್ಟಣದ ಸಮೇತ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದ ಆ ಅನ್ನ, ಪಲ್ಯ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಲ್ಲಿ ಅಲ್ಯೂಮಿನಿಯಂ ಹಾಳೆಯ ಪದರದಂಥ ಬಿಗಿಯಾದ ತಡೆ ಬೇಕೇ ಬೇಕು. ಅಂಥ ಕಡೆ ನನ್ನ ತಕರಾರಿಲ್ಲ.

ತಕರಾರು ಇರುವುದು ಊರೊಳಗೇ ಕರಿದು, ಊರೊಳಗೇ ಮಾರಿ, ಹದಿನೈದು ದಿನದಲ್ಲಿ ಖರ್ಚಾಗುವ ತಿಂಡಿಗೂ ಆರು ತಿಂಗಳ ಕೋಟೆ ಕಟ್ಟುವುದರ ಬಗ್ಗೆ. ನಮ್ಮ ಕಾಂಡಿಮೆಂಟ್ಸ್ ಅಂಗಡಿಗಳು ಕೋಡುಬಳೆ, ನಿಪ್ಪಟ್ಟುಗಳನ್ನು ಸಾದಾ ಪಾರದರ್ಶಕ ಕವರಿನಲ್ಲೇ ಮಾರಿ ಹೆಸರು ಉಳಿಸಿಕೊಂಡಿವೆ. ವಾರಕ್ಕೆ ಬೇಕಾದಷ್ಟೇ ಕಾಫಿಪುಡಿಯನ್ನು ಕಣ್ಣೆದುರೇ ಬೀಸಿ ಕಾಗದದ ಪೊಟ್ಟಣದಲ್ಲಿ ಕೊಡುವ ಅಂಗಡಿಗಳೂ ಇವೆ. ಬೇಗ ತಿನ್ನುವ ಪದಾರ್ಥಕ್ಕೆ ಅಷ್ಟು ತಡೆ ಬೇಡ. ಐದು ರೂಪಾಯಿಯ ಪೊಟ್ಟಣವನ್ನಂತೂ ಯೋಚಿಸಿ ನೋಡಿ. ಪೊಟ್ಟಣ ಚಿಕ್ಕದಾದಷ್ಟೂ ಒಂದೊಂದು ಗ್ರಾಂ ತಿಂಡಿಗೆ ತಗಲುವ ಫಿಲ್ಮ್ ಹೆಚ್ಚು, ಆಮ್ಲಜನಕ ನುಸುಳುವ ಮೈಯೂ ಹೆಚ್ಚು. ಆದ್ದರಿಂದ ಇನ್ನಷ್ಟು ಬಿಗಿಯಾದ ತಡೆ ಬೇಕಾಗುತ್ತದೆ. ಮಾರುವ ಅನುಕೂಲಕ್ಕೆ ಮಾಡಿಕೊಂಡ ಈ ತೊಡಕನ್ನು ತಿಂಡಿಯ ಮೇಲೆ ಹೊರಿಸುವುದು ಸರಿಯಲ್ಲ.

ದಾರಿಯೂ ಇದೆ, ನಿಮಗೆ ಗೊತ್ತಿರುವುದೇ. ಪೊಟ್ಟಣವಿಡೀ ಪಾಲಿಥೀನ್ ಅಥವಾ ಇಡೀ ಪಾಲಿಪ್ರೊಪಿಲೀನ್ ಆಗಿರಲಿ. ಇವಿಒಎಚ್‌ನಂಥ ತಡೆಯ ಪದರ ತೂಕದಲ್ಲಿ ನೂರಕ್ಕೆ 5ನ್ನು ಮೀರದಿದ್ದರೆ ಮರುಬಳಕೆಗೆ ಅಡ್ಡಿಯಿಲ್ಲ ಎಂದು ಯುರೋಪಿನ ಸಿಫ್ಲೆಕ್ಸ್ ಒಕ್ಕೂಟದ ವಿನ್ಯಾಸ ಸೂಚಿ ಹೇಳುತ್ತದೆ. ಪಾಲಿಯೆಸ್ಟರ್ ಇಲ್ಲದ ಪಾಲಿಥೀನ್ ಪೊಟ್ಟಣ ಸೀಲ್ ಹಾಕುವ ಬಿಸಿಗೆ ಬೇಗ ಸೋಲುತ್ತದೆ, ಯಂತ್ರವನ್ನು ನಿಧಾನ ಮಾಡಬೇಕು, ಖರ್ಚು ಏರುತ್ತದೆ ಎಂಬ ನಿಮ್ಮ ಕಷ್ಟ ಸುಳ್ಳಲ್ಲ. ಆ ಖರ್ಚಿನ ಒಂದು ಪಾಲನ್ನು ತಿನ್ನುವ ನಾವೂ ಹೊರುತ್ತೇವೆ, ಪೊಟ್ಟಣಕ್ಕೆ ಒಂದಿಷ್ಟು ಪೈಸೆ ಹೆಚ್ಚಾದರೂ ಸರಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ತಿಂಡಿಯೊಳಗೆ ಏನೇನಿದೆ ಎಂದು ಹಿಂಬದಿಯಲ್ಲಿ ಅಚ್ಚು ಹಾಕುತ್ತೀರಲ್ಲ, ಅದರ ಕೆಳಗೇ ಪೊಟ್ಟಣದಲ್ಲಿ ಯಾವ ಯಾವ ಪದರಗಳಿವೆ ಎಂದು ಕನ್ನಡದಲ್ಲೂ ಬರೆಯಿರಿ. ಒಣಕಸ ಕೇಂದ್ರದ ಆ ಹೆಂಗಸಿಗೂ ನಮಗೂ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿರಲಿ.

ಇತಿ,
ನಿಮ್ಮ ತಿಂಡಿಯ ಒಬ್ಬ ಗಿರಾಕಿ