ಭಾಮೈದನ ಅರ್ಧ ಖರ್ಚು

2025-26ರ ರಿಟರ್ನ್ ತುಂಬುವ ಕಾಲ. ಭಾವ ಬೆಂಗಳೂರಿನ ಐಟಿ ಕಂಪನಿಯ ನೌಕರ, ಭಾಮೈದ ಇಂಟೀರಿಯರ್ ಡಿಸೈನರ್. ಇಬ್ಬರಿಗೂ ವರ್ಷಕ್ಕೆ 24 ಲಕ್ಷ, ಇಬ್ಬರದೂ ಹೊಸ ತೆರಿಗೆ ಪದ್ಧತಿ.

ಭಾವ: ಎಷ್ಟು ಕಟ್ಟಿದೆಯೋ ಟ್ಯಾಕ್ಸು?

ಭಾಮೈದ: ಸೊನ್ನೆ ಭಾವ.

ಭಾವ: ಅಯ್ಯಯ್ಯೋ, ಕದ್ದೆಯಾ?

ಭಾಮೈದ: ಛೇ, ಕಾನೂನೇ ಇದೆಯಲ್ಲ, 44ಎಡಿಎ. ನಮ್ಮ ಕಸುಬಿನವರಿಗೆ ಬಂದದ್ದರಲ್ಲಿ ಅರ್ಧ ಖರ್ಚು ಅಂತ ಸರ್ಕಾರವೇ ಒಪ್ಕೊಳ್ಳುತ್ತೆ. ಬಿಲ್ ಕೇಳಲ್ಲ. ಉಳಿದದ್ದು 12 ಲಕ್ಷ, ಅದಕ್ಕೆ 2025ರ ಬಜೆಟ್ಟಿನ ರಿಯಾಯಿತಿ.

ಭಾವ: ನನಗೆ 75,000 ಬಿಟ್ಟು 2,92,500 ಹಿಡಿದ್ರು, ಸಂಬಳ ಕೈಗೆ ಬರೋ ಮೊದಲೇ! ಮನೆಯಿಂದ ಕೆಲಸ ಮಾಡೋಕೆ ಕುರ್ಚಿ ತಂದೆ, ಯುಪಿಎಸ್ ಹಾಕಿಸಿದೆ, ಆ ಕುರ್ಚಿ ಕೊಟ್ಟ ಬೆನ್ನುನೋವಿಗೆ ಫಿಸಿಯೋಥೆರಪಿ...

ಭಾಮೈದ: ಎಲ್ಲಾ ಆ 75,000ದಲ್ಲೇ ಬಂತು ಅಂದ್ಕೊಳ್ಳಿ. ನನಗೇನು ಪಿಎಫ್ ಇದೆಯಾ, ಗ್ರಾಚ್ಯುಟಿ ಇದೆಯಾ? ಜಯನಗರದ ಗಿರಾಕಿ ಅಡುಗೆಮನೆ ಮಾಡಿಸ್ಕೊಂಡು ಫೋನೇ ಎತ್ತುತ್ತಿಲ್ಲ. 20 ಲಕ್ಷ ದಾಟಿದ್ದಕ್ಕೆ ಜಿಎಸ್‌ಟಿ ತಲೆನೋವು ಬೇರೆ. ಖರ್ಚು ಅರ್ಧಕ್ಕಿಂತ ಜಾಸ್ತಿ ಅಂದ್ರೆ ಲೆಕ್ಕಪುಸ್ತಕ, ಆಡಿಟ್ಟು.

ಭಾವ: ನಿಜ ಹೇಳು, ಅರ್ಧ ಖರ್ಚಾಯ್ತಾ?

ಭಾಮೈದ: ಕಾಫಿ ಚೆನ್ನಾಗಿದೆ. ಅಕ್ಕ ಮಾಡಿದ್ದಾ?

(ಈ ಪ್ರಶ್ನೆಯನ್ನು ಇಲಾಖೆಯೂ ಕೇಳುವುದಿಲ್ಲ, ಭಾವ ಕೇಳಿದ್ದೇ ಅಧಿಕಪ್ರಸಂಗ.)

ಮರುದಿನ ಭಾವ ಎಚ್‌ಆರ್ ಮುಂದೆ ನಿಂತ: ಅದೇ ಮೇಜು, ಅದೇ ಕೆಲಸ, ನೌಕರನ ಬದಲು ಕನ್ಸಲ್ಟೆಂಟ್ ಮಾಡ್ಕೊಳ್ಳಿ. ಪಿಎಫ್, ಗ್ರಾಚ್ಯುಟಿ, ಸಂಬಳದ ರಜೆ, ವಿಮೆ ಎಲ್ಲ ಉಳಿಯುತ್ತದಲ್ಲ, ಕಂಪನಿ ಸಂಜೆಯೊಳಗೆ ಒಪ್ಪಿತು.