ಆರಿಸುವ ಖಾತೆ

ಗಾಂಧಿ ಬಜಾರಿನ ಹಳೇ ಮನೆಗಳ ಕ್ರಮ ಗೊತ್ತಲ್ಲ. ಮುಂದೆ ಅಂಗಡಿ, ಅದರ ಬೆನ್ನಿಗೆ ಒಂದರ ಹಿಂದೊಂದು ಕೋಣೆ, ಕಟ್ಟಕಡೆಗೆ ಬಚ್ಚಲು. ನಮ್ಮದೂ ಹಾಗೇ. ಮೇಲೆ ಸೋಲಾರ್ ಇದೆ, ಆದರೆ ಮಳೆಗಾಲದಲ್ಲಿ ಶಿವಮೊಗ್ಗದ ಸೂರ್ಯ ಸಂಬಳ ಸಹಿತ ರಜೆಯಲ್ಲಿರುತ್ತಾನೆ. ಗೀಸರ್ ಇದೆ, ಜೋರು ಗಾಳಿ ಬೀಸಿತೋ ಕರೆಂಟೂ ರಜಾ ಚೀಟಿ ಕೊಡುತ್ತದೆ. ಕೊನೆಗೆ ಕೈಹಿಡಿಯುವುದು ತಾಮ್ರದ ಹಂಡೆ, ಅದರ ಕೆಳಗಿನ ಒಲೆ.

ಈ ಒಲೆಯ ಆಡಳಿತ ನಮ್ಮಲ್ಲಿ ಹಂಚಿಹೋಗಿದೆ. ಸೌದೆ, ಸಿಪ್ಪೆ, ಕರಟದ ಸರಬರಾಜು ಅಮ್ಮನದು. ಉರಿ ಹಾಕುವುದು ಹೆಂಡತಿ. ಒಂದೇ ಕಡ್ಡಿ ಗೀರಿ ಹತ್ತಿಸುತ್ತಾಳೆ. ನಾನು ಹತ್ತಿಸಲು ಕೂತರೆ ಬೆಂಕಿಪೊಟ್ಟಣ ಖಾಲಿಯಾಗಿ, ಹೊಗೆ ಅಂಗಡಿಯ ತನಕ ಬಂದು, ಗಿರಾಕಿಗಳು ಕಣ್ಣೊರೆಸಿಕೊಂಡು ಚೌಕಾಸಿ ಮಾಡುತ್ತಾರೆ. ಹೀಗಾಗಿ ನನಗೆ ಉಳಿದದ್ದು ಆರಿಸುವ ಖಾತೆ. ಅದಕ್ಕೆ ಬುದ್ಧಿ ಬೇಡ ಅಂತಲೇ ನನಗೆ ವಹಿಸಿದರೆಂಬ ಗುಮಾನಿ ಇದೆ, ಕೇಳುವ ಧೈರ್ಯ ಇಲ್ಲ.

ಬೆಂಕಿಗೆ ನೀರು ಹೊಯ್ದರಾಯಿತು, ಅದರಲ್ಲೇನಿದೆ ಎಂದು ಖಾತೆ ವಹಿಸಿಕೊಂಡ ಮೊದಲ ದಿನವೇ ತುಂಬಿದ ಚೊಂಬು ಎತ್ತಿದೆ. ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ ಸುಮಾರು 1,700 ಲೀಟರಿನಷ್ಟು ಜಾಗ ಕೇಳುತ್ತದೆ ಎಂದು ಹೈಸ್ಕೂಲಿನಲ್ಲಿ ನಮಗೂ ಹೇಳಿಕೊಟ್ಟಿದ್ದರು. ಅಷ್ಟು ಆವಿಗೆ ಆ ಗೂಡಿನಲ್ಲಿ ಜಾಗ ಎಲ್ಲಿಂದ ಬರಬೇಕು? ಒಲೆಯ ಬಾಯಲ್ಲಿ ನನ್ನ ಮುಖ ಇತ್ತು. ಬೂದಿ ಸಮೇತ ಆಚೆ ಬಂತು. ಬಚ್ಚಲಿಂದ ಹೊರಬಿದ್ದವನನ್ನು ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಯಾವಾಗ ಸನ್ಯಾಸ ತಗೊಂಡ್ಯೋ? ಒಂದು ಮಾತು ಹೇಳಬಾರದಿತ್ತಾ?" ಅಂದಳು. ಒಳಗಿಂದ ಹೆಂಡತಿ, "ಅವರದು ಇರಲಿ ಅತ್ತೆ, ಕಾದ ಕಲ್ಲು ಬಿರಿದಿದೆಯಾ ನೋಡಿ" ಎಂದಳು.

ಅಮ್ಮನ ಕ್ರಮವೇ ಬೇರೆ. ಕೊನೆಯವರು ಸ್ನಾನಕ್ಕೆ ಹೋಗುವ ಎಷ್ಟೋ ಮುಂಚೆ ಸೌದೆ ತುಂಬುವುದು ನಿಲ್ಲಬೇಕು. ಆಮೇಲೆ ಕೊಳ್ಳಿಗಳನ್ನು ಒಂದೊಂದಾಗಿ ಈಚೆಗೆಳೆದು, ಒಂದಕ್ಕೊಂದು ತಾಗದಂತೆ ಕಲ್ಲಿನ ಮೇಲಿಡಬೇಕು. ಒಂಟಿ ಕೊಳ್ಳಿ ಬಹಳ ಹೊತ್ತು ಉರಿಯುವುದಿಲ್ಲ, ಎರಡು ಸೇರಿದರೆ ಮತ್ತೆ ಸಂಸಾರ ಹೂಡುತ್ತವೆ. ಕೆಂಡವನ್ನು ಸಲಾಕೆಯಿಂದ ತೆಳ್ಳಗೆ ಹರಡಬೇಕು. ಹಂಡೆಯ ತಳದಲ್ಲಿ ನಾಲ್ಕು ಚೊಂಬಾದರೂ ನೀರು ಬಿಡಬೇಕು, ಬರಿದಾದ ಹಂಡೆ ಕಾದರೆ ಬೆಸುಗೆ ಬಿಡುತ್ತದೆ. ಇಷ್ಟು ಮಾಡಿ ಸುಮ್ಮನಿರಬೇಕು.

ಕೊನೆಯದೊಂದು ನನ್ನಿಂದಾಗದು. ಬಂದು ಬಂದು ಇಣುಕುತ್ತೇನೆ. ಸೌದೆಯಾದರೂ ವಾಸಿ, ಅಡಿಕೆ ಸಿಪ್ಪೆ ಮಹಾ ಕಪಟಿ. ಮೇಲೆಲ್ಲ ತಣ್ಣಗೆ, ಬೆಳ್ಳಗೆ, ನಾರಿನ ಎಳೆ ಎಳೆಯೂ ಇದ್ದ ಹಾಗೇ ಬೂದಿಯಾಗಿ ಮಲಗಿರುತ್ತದೆ. ಸತ್ತಿದೆಯಾ ನೋಡೋಣ ಅಂತ ಒಮ್ಮೆ ಊದಿದರೆ ಅದೇ ನಾರಿನ ಸಂದಿಯಲ್ಲಿ ಸಣ್ಣಗೆ ಕೆಂಪು ಹರಿದು, ಮತ್ತೆ ಮರೆಯಾಗುತ್ತದೆ. ಮತ್ತೆ ಊದುತ್ತೇನೆ. "ರೀ, ಆರಿಸ್ತಿದ್ದೀರೋ ಹತ್ತಿಸ್ತಿದ್ದೀರೋ?" ಎಂಬ ಪ್ರಶ್ನೆ ಬರುವ ಹೊತ್ತಿಗೆ ಸಣ್ಣದೊಂದು ಉರಿ ಎದ್ದಿರುತ್ತದೆ. ನನ್ನ ಜೀವಮಾನದಲ್ಲಿ ಬೆಂಕಿಪೊಟ್ಟಣ ಇಲ್ಲದೆ ಹೊತ್ತಿಸಿದ ಒಲೆಗಳೆಲ್ಲ ಆರಿಸಲು ಹೋದವೇ.

ಭದ್ರಾವತಿಯ ಭಾವ ಬಂದರೆ ಈ ವಿಷಯ ತಾಂತ್ರಿಕ ಮಟ್ಟಕ್ಕೇರುತ್ತದೆ. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಬೆಂಕಿಯ ಮಾತು ಬಂದರೆ ಕಾಫಿ ಆರಿದರೂ ಲೆಕ್ಕಿಸುವುದಿಲ್ಲ. 1923ರಲ್ಲಿ ಅಲ್ಲಿ ಕಬ್ಬಿಣ ಇಳಿಸಲು ಶುರುಮಾಡಿದಾಗ ಹತ್ತಿರದಲ್ಲೆಲ್ಲೂ ಕಲ್ಲಿದ್ದಲಿಲ್ಲ. ಮಲೆನಾಡಿನ ಮರವನ್ನೇ ಗಾಳಿ ಸೋಕದಂತೆ ಕಾಯಿಸಿ ಇದ್ದಿಲು ಮಾಡಿ ಊದುಕುಲುಮೆಗೆ ಹಾಕುತ್ತಿದ್ದರು. ನಾನು ಹೆಮ್ಮೆಯಿಂದ ಕೆಂಡದ ಮೇಲೆ ಬೂದಿ ಮುಚ್ಚುವುದನ್ನು ಭಾವ ಕೈಕಟ್ಟಿ ನೋಡಿದರು. "ಇದು ಆರಿಸೋದಲ್ಲ ಮಾರಾಯ, ಬೆಂಕಿಗೆ ಕಂಬಳಿ ಹೊದೆಸೋದು. ಬೆಳಿಗ್ಗೆವರೆಗೂ ಬೆಚ್ಚಗಿರತ್ತೆ." ಹೌದಲ್ಲ! ಬೆಂಕಿಪೊಟ್ಟಣ ದುಬಾರಿಯಾಗಿದ್ದ ಕಾಲದಲ್ಲಿ ಅಜ್ಜಿ ರಾತ್ರಿ ಬೂದಿ ಮುಚ್ಚುತ್ತಿದ್ದದ್ದು ಬೆಳಗಿನ ಒಲೆಗೆ ಕೆಂಡ ಉಳಿಯಲಿ ಅಂತಲೇ. ಅದಕ್ಕೇ ಮರುದಿನವೂ ಆ ಬೂದಿಯನ್ನು ನಂಬುವಂತಿಲ್ಲ. ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿಗೆ ತುಂಬಿ, ಗೋಡೆ-ಸೌದೆಯಿಂದ ದೂರ, ಹಿತ್ತಿಲಲ್ಲಿಡಬೇಕು. ನಾನು ತೆಂಗಿನ ಗಿಡಕ್ಕೆ ಗೊಬ್ಬರ ಅಂತ ಗೋಣಿಚೀಲ ಹಿಡಿದು ಬಂದಿದ್ದೆ. ಅಮ್ಮ ಏನೂ ಹೇಳದೆ ಕಿತ್ತುಕೊಂಡು, ತಾನೇ ಮಡಚಿಟ್ಟಳು.

ಇನ್ನೊಂದು ನನ್ನ ಗುಣ, ಕೊನೆಯವನಾಗಿ, ಕಿಟಕಿ ಮುಚ್ಚಿ, ಕೆಂಡದ ಬಿಸಿಯಲ್ಲಿ ಬಚ್ಚಲಲ್ಲೇ ಹಾಡಿಕೊಂಡು ಕೂರುವುದು. ಭಾವ ಅದಕ್ಕೂ ಕಲ್ಲು ಹಾಕಿದರು. ಹೊಗೆ ನಿಂತ ಮಾತ್ರಕ್ಕೆ ಅಪಾಯ ನಿಂತಿತೆಂದಲ್ಲ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆಭಾರ ಅಂತ ಕೂತವರು ಏಳುವುದಿಲ್ಲ. ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಟ್ಟು ಕದ ಮುಚ್ಚುವುದೂ ಇದೇ ಕಾರಣಕ್ಕೆ ಕೂಡದು.

ಅಂದಿನಿಂದ ಕಿಟಕಿ ತೆರೆದೇ ಇದೆ. ಸಾಲದೆಂದು ಹೆಂಡತಿ ಬಚ್ಚಲ ಬಾಗಿಲಾಚೆ ನಿಂತು, "ಹಾಡ್ತಾನೇ ಇರಿ. ಹಾಡು ನಿಂತರೆ ಬಾಗಿಲು ಒಡೀತೀನಿ" ಅಂದಳು. ಮದುವೆಯಾದ ಮೇಲೆ ನನ್ನ ಹಾಡು ನಿಲ್ಲಬಾರದು ಅಂತ ಅವಳು ಬಯಸಿದ್ದು ಅದೇ ಮೊದಲು.