ಸುಮೋಗೊಂದು ಕೊಂಡಿ

ಮನೆಯ ಮುಂದೆ ಹೊಸ ಕಾರು ನಿಂತರೆ ನೆಂಟರು ನೋಡಲು ಬರುತ್ತಾರೆ. ಹಳೆಯ ಸುಮೋ ನಿಂತರೆ ಕೆಲಸ ಹೇಳಲು ಬರುತ್ತಾರೆ. ಅದರ ಹಿಂದೆ ಒಂದು ಕೊಂಡಿಯೂ ಇದ್ದುಬಿಟ್ಟರಂತೂ ಮುಗಿದೇ ಹೋಯಿತು. ಮೈಸೂರಿನ ಕುವೆಂಪುನಗರದ ನಮ್ಮ ಅಡ್ಡರಸ್ತೆಯಲ್ಲಿ ನನ್ನ ಹೆಸರು ಎಷ್ಟು ಜನಕ್ಕೆ ಗೊತ್ತೋ ಕಾಣೆ. ‘ಕೊಂಡಿ ಸುಮೋದವರು’ ಅಂದರೆ ಹಾಲಿನ ಹುಡುಗನೂ ಮನೆ ತೋರಿಸುತ್ತಾನೆ.

ಕೊಂಡಿ ನಾನು ಹಾಕಿಸಿದ್ದಲ್ಲ. ಗಾಡಿ ಬಂದದ್ದು ಹುಣಸೂರಿನ ಭಾವನವರಿಂದ. ಅವರದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ ಗೂಡಿಗೆ ಸೌದೆ ಸಾಗಿಸಲು ಊರಿನ ಟ್ರ್ಯಾಕ್ಟರುಗಳೆಲ್ಲ ಏಕಕಾಲಕ್ಕೆ ಬೇರೆಯವರ ಮನೆಯಲ್ಲಿರುತ್ತವೆ. ಬೇಸತ್ತ ಭಾವನವರು ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಸುಮೋದ ಚಾಸಿಗೆ ದಪ್ಪನೆಯ ಕಬ್ಬಿಣದ ಕೊಂಡಿ ಬೆಸೆಸಿಕೊಂಡರು. ಆಮೇಲೆ ಸ್ವಂತ ಟ್ರ್ಯಾಕ್ಟರು ಬಂತು. ಸುಮೋ ನನ್ನ ಪಾಲಿಗೆ ಬಂತು, ಕೊಂಡಿಯ ಸಮೇತ.

ಅದು ಬಂಪರಿನ ಕೆಳಗಿನಿಂದ ಒಂದು ಗೇಣು ಹೊರಗೆ ಚಾಚಿಕೊಂಡಿದೆ. ಮೊಣಕಾಲಿನ ಕೆಳಗಿನ ಮೂಳೆಗೆ ಅಳತೆ ತೆಗೆದು ಇಟ್ಟಂಥ ಎತ್ತರ. ಕರೆಂಟು ಹೋದ ರಾತ್ರಿ ಬೀದಿಯಲ್ಲಿ ‘ಅಯ್ಯಪ್ಪಾ!’ ಎಂದು ಕೇಳಿಸಿದರೆ ಯಾರೋ ನಮ್ಮ ಗಾಡಿಯ ಹಿಂದೆ ಹಾದುಹೋದರು ಎಂದು ತಿಳಿಯಬೇಕು. ಎದುರುಮನೆಯ ಹುಡುಗ ಹಳೆಯ ಟೆನಿಸ್ ಚೆಂಡಿಗೆ ತೂತು ಕೊರೆದು ಅದರ ತುದಿಗೆ ಸಿಕ್ಕಿಸಿದ್ದಾನೆ. ಆಯುಧಪೂಜೆಯ ದಿನ ನನ್ನ ಹೆಂಡತಿ ಗಾಲಿಗಳಿಗೆಲ್ಲ ನಿಂಬೆಹಣ್ಣಿಟ್ಟು, ಸ್ಟಿಯರಿಂಗಿಗೆ ಕುಂಕುಮವಿಟ್ಟು, ಆಮೇಲೆ ಚೆಂಡು ತೆಗೆದು ಕೊಂಡಿಗೂ ಒಂದು ಬೊಟ್ಟು ಇಡುತ್ತಾಳೆ. “ಈ ಮನೇಲಿ ಹೆಚ್ಚು ದುಡಿಯೋದು ಇದೇ ಕಣ್ರೀ” ಎನ್ನುವ ಮಾತನ್ನು ನನ್ನ ಕಿವಿಗೆ ಬೀಳುವಷ್ಟೇ ಮೆತ್ತಗೆ ಹೇಳುತ್ತಾಳೆ.

ಸುಮೋ ರಸ್ತೆಗಿಳಿದದ್ದು 1994ರಲ್ಲಿ, ತಯಾರಿಕೆ ನಿಂತದ್ದು 2019ರಲ್ಲಿ. ಈ ಇಪ್ಪತ್ತೈದು ವರ್ಷಗಳಲ್ಲಿ ಮೈಸೂರಿನ ಯಾವ ಮದುವೆಯ ದಿಬ್ಬಣವೂ, ಯಾವ ಚುನಾವಣೆಯ ಪ್ರಚಾರವೂ ಅದಿಲ್ಲದೆ ನಡೆದಂತಿಲ್ಲ. ಮೊದಮೊದಲ ಸುಮೋಗಳಲ್ಲಿದ್ದದ್ದು ಎರಡು ಲೀಟರಿನ ಡೀಸೆಲ್ ಎಂಜಿನ್ನು, ಅರವತ್ತು ಚಿಲ್ಲರೆ ಕುದುರೆಗಳ ಶಕ್ತಿ. ಇವತ್ತಿನ ಪುಟ್ಟ ಕಾರುಗಳೂ ಕಾಗದದ ಮೇಲೆ ಅದಕ್ಕಿಂತ ಜಾಸ್ತಿ ತೋರಿಸುತ್ತವೆ. ಆದರೆ ಸುಮೋದ ಕುದುರೆಗಳು ಓಟದ ಕುದುರೆಗಳಲ್ಲ, ಜಟಕಾ ಕುದುರೆಗಳು. ಆತುರವಿಲ್ಲ, ಕಟ್ಟಿದ್ದನ್ನು ಎಳೆಯುತ್ತವೆ. ಲಾರಿಗಿರುವಂಥ ಉದ್ದನೆಯ ಚಾಸಿ, ಹಿಂದೆ ಪಟ್ಟಿ ಪಟ್ಟಿಯಾಗಿ ಜೋಡಿಸಿದ ಸ್ಪ್ರಿಂಗ್ ಪ್ಲೇಟುಗಳು, ಹಿಂದಿನ ಗಾಲಿಗೆ ಬಲ. ಭಾರ ಹಿಂದಕ್ಕೆ ಬಿದ್ದಷ್ಟೂ ಹಿಂದಿನ ಗಾಲಿ ನೆಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಎಳೆಯಲೆಂದೇ ಹುಟ್ಟಿದ ಮೈಕಟ್ಟು.

ಎಳೆತದ ಮೊದಲ ಪಾಠ ನನಗಾದದ್ದು ಭಾವನವರಿಂದಲೇ. ನಮ್ಮ ಮನೆಗೆಂದು ಹಲಸಿನ ಮರದ ಬಾಗಿಲುವಾಡ, ಅತ್ತೆಯವರ ಕಾಲದ ಒರಳುಕಲ್ಲು, ನಾಲ್ಕು ಮೂಟೆ ಅಕ್ಕಿ, ಇಷ್ಟನ್ನು ಎರಡು ಗಾಲಿಯ ಪುಟ್ಟ ಟ್ರೇಲರಿಗೆ ತುಂಬಿಸಿದ್ದರು. ಆಳು ಒರಳುಕಲ್ಲನ್ನು ತೀರಾ ಹಿಂದಕ್ಕೆ ತಳ್ಳಿದ್ದನ್ನು ಕಂಡು ಭಾವನವರು ಗದರಿದರು. “ಎತ್ತಿನ ಗಾಡಿ ಕಂಡಿಲ್ವೇನೋ? ಹಿಂಭಾರ ಆದ್ರೆ ನೊಗ ಮೇಲೇಳ್ತದೆ, ಮುಂಭಾರ ಆದ್ರೆ ಎತ್ತಿನ ಹೆಗಲು ಕುಸೀತದೆ. ಅಚ್ಚಿಗಿಂತ ಒಂದು ಚೂರು ಮುಂದಕ್ಕಿಡು.” ಟ್ರೇಲರಿನ ತೂಕದಲ್ಲಿ ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೆ ಕೂರಬೇಕು, ಇಲ್ಲದಿದ್ದರೆ ವೇಗದಲ್ಲಿ ಟ್ರೇಲರು ಬಾಲ ಬೀಸಲು ಶುರುಮಾಡಿ ಮುಂದಿನ ಗಾಡಿಯನ್ನೂ ಅಲ್ಲಾಡಿಸುತ್ತದೆ ಎಂದು ಪರದೇಶದ ಕಾರು ಕಂಪನಿಗಳು ಚಿತ್ರ ಬಿಡಿಸಿ ವಿವರಿಸುತ್ತವೆ. ಭಾವನವರು ಆ ಪುಸ್ತಕ ಓದಿದವರಲ್ಲ. ಅಮೃತಮಹಲ್ ಎತ್ತುಗಳ ಸೀಮೆಯಲ್ಲಿ ಅದನ್ನು ಓದಬೇಕಾಗಿಯೂ ಇಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಗಿ, ಫಿರಂಗಿ ಎಳೆದುಕೊಂಡು ಸೈನ್ಯದ ಜೊತೆ ನಡೆದವು, 1799ರಲ್ಲಿ ಟಿಪ್ಪು ಮಡಿದ ನಂತರ ಇಂಗ್ಲಿಷರೂ ಅವನ್ನು ಕೈಬಿಡಲಿಲ್ಲ. ರಾಜ್ಯ ಯಾರದಾದರೂ ಎಳೆಯುವವರು ಬೇಕೇ ಬೇಕು.

ಮೈಸೂರಿಗೆ ಮರಳಿದ ಮೇಲೆ ಗಾಡಿಯನ್ನು ಮಂಡಿ ಮೊಹಲ್ಲಾದ ಮೆಕ್ಯಾನಿಕ್ ಭಾಯ್ ಕೈಗೊಪ್ಪಿಸಿದೆ. ಆತ ಕೆಳಗೆ ನುಸುಳಿ, ಸ್ಪ್ಯಾನರಿನಿಂದ ಪ್ಲೇಟುಗಳನ್ನು ಒಂದೊಂದಾಗಿ ಕುಟ್ಟಿ, ಸದ್ದು ಕೇಳಿಸಿಕೊಂಡು ಹೊರಬಂದ. “ಭಾರ ಎಳೀತೀರಾ ಸಾರ್? ಒಂದು ಪ್ಲೇಟ್ ಜಾಸ್ತಿ ಹಾಕೋಣ. ಆಮೇಲೆ ಹಾಫ್ ಕ್ಲಚ್ಚಲ್ಲಿ ಓಡಿಸ್ಬೇಡಿ. ದಿಬ್ಬ ಹತ್ತಿದ ಗೇರಲ್ಲೇ ಇಳೀರಿ. ಬ್ರೇಕ್ ಮೇಲೆ ಕಾಲಿಟ್ಕೊಂಡು ಇಳಿದ್ರೆ ಅದು ಕಾದು ಕೈ ಕೊಡ್ತದೆ.” ಮೂರು ಮಾತಿನಲ್ಲಿ ಮುಗಿದ ಉಪದೇಶ. ಪ್ಲೇಟು ಬಿತ್ತು.

ಪ್ಲೇಟು ಹೆಚ್ಚಾದ ಗಾಡಿಯ ಗುಣ ವಿಚಿತ್ರ. ಭಾರವಿದ್ದರೆ ತೇಲಿಕೊಂಡು ಹೋಗುತ್ತದೆ. ಖಾಲಿಯಿದ್ದರೆ ರಸ್ತೆಯ ಪ್ರತಿಯೊಂದು ಉಬ್ಬನ್ನೂ ನೇರವಾಗಿ ಬೆನ್ನುಮೂಳೆಗೆ ತಲುಪಿಸುತ್ತದೆ. ಹಾಗಾಗಿ ಎಲ್ಲಿಗೆ ಹೊರಟರೂ ನನ್ನ ಹೆಂಡತಿ ಹಿಂದಿನ ಅಡ್ಡ ಸೀಟುಗಳಿಗೆ ಜನ ಹುಡುಕತೊಡಗಿದಳು. ತೂಕದ ಚಿಕ್ಕಮ್ಮನವರಿಗೆ ಈಗ ನಮ್ಮಲ್ಲಿ ವಿಶೇಷ ಮರ್ಯಾದೆ. “ನಂಜನಗೂಡಿಗೆ ಹೋಗ್ತಿದ್ದೀವಿ, ನೀವು ಬರಲೇಬೇಕು” ಎಂಬ ಆಗ್ರಹದ ಹಿಂದೆ ಭಕ್ತಿಯೂ ಇದೆ, ಸ್ಪ್ರಿಂಗ್ ಪ್ಲೇಟೂ ಇದೆ.

ಭಾರ ಹೊರಿಸುವ ವಿದ್ಯೆಯಲ್ಲಿ ಮೈಸೂರಿಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. ದಸರಾ ಆನೆಗಳನ್ನೇ ನೋಡಿ. ವೀರನಹೊಸಹಳ್ಳಿಯಲ್ಲಿ ಪೂಜೆ ಮಾಡಿಸಿಕೊಂಡು ಗಜಪಯಣ ಹೊರಡುತ್ತದೆ. ಹೆಸರಿಗೆ ಪಯಣ; ಆನೆಗಳು ಬರುವುದು ಲಾರಿಯಲ್ಲಿ. ನನ್ನ ಸುಮೋ ಒರಳುಕಲ್ಲು ಎಳೆದುಕೊಂಡು ಏದುಸಿರು ಬಿಟ್ಟ ಹುಣಸೂರು ರಸ್ತೆಯಲ್ಲೇ ಗಜರಾಜರು ಕಬ್ಬು ಮೆಲ್ಲುತ್ತ ಸವಾರಿ ಮಾಡುತ್ತಾರೆ. ಬಂದಮೇಲೆ ಧನ್ವಂತರಿ ರಸ್ತೆಯ ವೇಬ್ರಿಡ್ಜಿನಲ್ಲಿ ತೂಕ. ಆಮೇಲೆ ಉದ್ದು, ಗೋಧಿ, ಕುಸುಬಲಕ್ಕಿ, ಬೆಣ್ಣೆಯ ಸಮಾರಾಧನೆ. ಬೆನ್ನ ಮೇಲೆ ನಮ್ದಾ, ಗಾದಿ ಬಿಗಿದು, ಮೊದಲು ಕೆಲವೇ ಮರಳ ಮೂಟೆ. ದಿನ ಕಳೆದಂತೆ ಒಂದೊಂದೇ ಹೆಚ್ಚು. ಅದಾದ ಮೇಲೆ ಮರದ ಅಂಬಾರಿ. ಕೊನೆಗೆ ವಿಜಯದಶಮಿಯಂದು 750 ಕಿಲೋ ತೂಗುವ ಚಿನ್ನದ ಅಂಬಾರಿ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್. ನಿವೃತ್ತಿಯ ನಿಯಮವೂ ಉಂಟು. 60 ತುಂಬಿದ ಆನೆಗೆ ಭಾರ ಹೊರಿಸುವಂತಿಲ್ಲ ಎಂದು 2020ರಲ್ಲಿ ಅರ್ಜುನನ ಬೆನ್ನಿನಿಂದ ಇಳಿದ ಅಂಬಾರಿ ಅಭಿಮನ್ಯುವಿನ ಬೆನ್ನಿಗೇರಿತು.

ಸುಮೋಗೆ ಇದೊಂದೂ ಇಲ್ಲ. 15 ವರ್ಷ ದಾಟಿದ್ದಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಿ, ಹೊಗೆ ನೋಡಿಸಿ, ದೀಪ ನೋಡಿಸಿ, ತೆರಿಗೆ ಕಟ್ಟಿಸಿಕೊಂಡು, ‘ಇನ್ನೂ ಐದು ವರ್ಷ ದುಡಿ’ ಎಂದು ಬೆನ್ನು ತಟ್ಟಿ ಕಳಿಸಿದ್ದಾರೆ. ಅಭಿಮನ್ಯು ಐದು ಸಾವಿರ ಕಿಲೋ ಮೀರಿದ ದೇಹದವನು. ಅಂಬಾರಿ ಅವನ ತೂಕದ ಸುಮಾರು ಏಳನೇ ಒಂದು ಪಾಲು. ಒಂದೂವರೆ ಟನ್ನಿನ ಚಿಲ್ಲರೆ ತೂಗುವ ನನ್ನ ಗಾಡಿಗೆ ಅದೇ ಲೆಕ್ಕ ಹಿಡಿದರೆ ಚಿಕ್ಕಮ್ಮನವರು ಮತ್ತು ಅವರ ಇಬ್ಬರು ತಂಗಿಯರಿಗೇ ಕೋಟಾ ಮುಗಿಯುತ್ತದೆ.

ಈ 750 ಎಂಬ ಸಂಖ್ಯೆಗೆ ಇನ್ನೊಂದು ಸ್ವಾರಸ್ಯವಿದೆ. ಭಾವನವರ ಮಗ ಲಂಡನ್ನಿನಲ್ಲಿದ್ದಾನೆ. ಅಲ್ಲಿ ಭಾನುವಾರ ಬಂತೆಂದರೆ ಜನ ಕಾರಿನ ಹಿಂದೆ ದೋಣಿ, ಕುದುರೆ, ಕಡೆಗೆ ಮಲಗುವ ಮನೆಯನ್ನೇ ಕಟ್ಟಿಕೊಂಡು ಹೊರಡುತ್ತಾರಂತೆ. ತನ್ನದೇ ಬ್ರೇಕಿಲ್ಲದ ಟ್ರೇಲರಾದರೆ ಸರಕು ಸೇರಿ ಅಲ್ಲಿನ ಮಿತಿ 750 ಕಿಲೋ. ಎಳೆಯುವ ಕಾರಿನ ಅರ್ಧ ತೂಕವನ್ನೂ ಮೀರಬಾರದು. ಅದಕ್ಕಿಂತ ಹೆಚ್ಚಾದರೆ ಟ್ರೇಲರಿಗೆ ಬೇರೆ ಬ್ರೇಕು ಕಡ್ಡಾಯ. ಅಂಬಾರಿಗೂ ಬ್ರೇಕಿಲ್ಲ. ಇಂಗ್ಲಿಷರು ಕಾಯಿದೆ ಮಾಡಿ ಮುಟ್ಟಿದ ಗೆರೆಯ ಮೇಲೆ ನಮ್ಮ ಅಂಬಾರಿ ಮೊದಲೇ ಹೋಗಿ ಕುಳಿತಿತ್ತು ಎಂದು ನಾನು ಹೇಳಿದರೆ, ಭಾವನ ಮಗ ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ.

ಆದರೆ ಆ ಕಾಯಿದೆಯಲ್ಲಿ ಒಂದು ವಿವೇಕವಿದೆ. ‘ನಿನ್ನ ಗಾಡಿ ಎಷ್ಟು ಎಳೆಯುತ್ತೆ?’ ಎಂದು ಅದು ಕೇಳುವುದಿಲ್ಲ, ‘ಎಳೆದದ್ದನ್ನು ನಿಲ್ಲಿಸುತ್ತೀಯಾ?’ ಎಂದು ಕೇಳುತ್ತದೆ. ನಮ್ಮ ಬೀದಿಯಲ್ಲಿ ಇದುವರೆಗೆ ಯಾರೂ ಈ ಎರಡನೆಯ ಪ್ರಶ್ನೆ ಕೇಳಿಲ್ಲ. “ನಿಮ್ ಸುಮೋ ಏನ್ ಬೇಕಾದ್ರೂ ಎಳೆಯುತ್ತೆ ಬಿಡಿ ಸಾರ್” ಎಂಬ ಸರ್ಟಿಫಿಕೇಟು ದಿನವೂ ಸಿಗುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳ ಪೈಕಿ ಗೌತಮ ರಥದ ಹಗ್ಗ ಹಿಡಿಯಲು ಸಾವಿರಾರು ಕೈಗಳು ಮುಗಿಬೀಳುತ್ತವೆ. ಹಗ್ಗ ಮುಟ್ಟಿದವರಿಗೆಲ್ಲ ಪುಣ್ಯ. ಆದರೆ ತೇರು ತಿರುವಿನಲ್ಲಿ ತಿರುಗಿ, ಇಳಿಜಾರಿನಲ್ಲಿ ನಿಂತು, ಅಂಗಡಿಯ ಚಾವಣಿಗೆ ತಾಗದೆ ನೆಲೆ ಸೇರುವುದು ಗಾಲಿಯ ಮಗ್ಗುಲಲ್ಲೇ ಬಾಗಿ ಓಡುತ್ತ ಮರದ ಬೆಣೆ ಕೊಡುವ ಬೆರಳೆಣಿಕೆಯ ಜನರಿಂದ. ಅವರತ್ತ ಬಾಳೆಹಣ್ಣು ಎಸೆಯುವವರಿಲ್ಲ. ಎಳೆಯುವವರಿಗೆ ಜೈಕಾರ, ನಿಲ್ಲಿಸುವವರಿಗೆ ಬೆವರು.

ಈ ಸತ್ಯ ನಮ್ಮ ಬೀದಿಯಲ್ಲಿ ಪ್ರಯೋಗಸಹಿತ ಸಿದ್ಧವಾದದ್ದು ಪಕ್ಕದ ಮನೆಯ ಮೇಷ್ಟ್ರ ಅಂಬಾಸಿಡರಿನಿಂದ. ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಅವರ ಕಾರು ಹಲಸಿನ ಎಲೆ ಹೊದ್ದು ಶೆಡ್ಡಿನಲ್ಲಿ ವರ್ಷಗಟ್ಟಲೆ ಮಲಗಿತ್ತು. “ಮಂಡಿ ಮೊಹಲ್ಲಾಕ್ಕೆ ಎಳೆದುಬಿಟ್ಟರೆ ಆಯಿತು, ಇನ್ನೇನು” ಎಂದರು. ಹಗ್ಗ ಕಟ್ಟಿದೆವು. ಸಡಿಲವಿದ್ದ ಹಗ್ಗವನ್ನು ಮೆಲ್ಲಗೆ ಬಿಗಿಗೊಳಿಸಿಕೊಂಡು ಹೊರಡಬೇಕು. ಜಗ್ಗಿದರೆ ಆ ಒಂದು ಜಗ್ಗಿಗೆ ಭಾರ ಎಷ್ಟೋ ಪಟ್ಟಾಗಿ ಹಗ್ಗ ಕಿತ್ತುಬರುತ್ತದೆ. ಇದನ್ನು ಮೇಷ್ಟ್ರೇ ನನಗೆ ಸೂತ್ರಸಮೇತ ಹೇಳಿಕೊಟ್ಟರು. ನಾನು ಹೇಳಿದ್ದು ಒಂದೇ ಮಾತು: “ನಾನು ನಿಲ್ಲಿಸಿದಾಗ ನೀವು ಬ್ರೇಕ್ ಹಾಕಬೇಕು ಮೇಷ್ಟ್ರೇ. ನನ್ನ ಬ್ರೇಕು ನಿಮ್ಮ ಕಾರಿಗೆ ಹತ್ತಲ್ಲ.”

ಹೊರಟೆವು. ಕನ್ನಡಿಯಲ್ಲಿ ನೋಡುತ್ತೇನೆ, ಮೇಷ್ಟ್ರು ಜಂಬೂಸವಾರಿಗೆ ಹೊರಟವರಂತೆ ಕುಳಿತಿದ್ದಾರೆ. ಪೆಟ್ರೋಲಿಲ್ಲದೆ, ಸದ್ದಿಲ್ಲದೆ ಕಾರು ಓಡುವ ಸುಖ ಅವರಿಗೆ ಹೊಸದು. ಗುರುತಿನವರು ಕಂಡರೆ ಕಿಟಕಿಯಿಂದ ಕೈ ಬೀಸುತ್ತಾರೆ. ಬಲ್ಲಾಳ್ ಸರ್ಕಲ್ಲಿನಲ್ಲಿ ಹಳೆಯ ಶಿಷ್ಯನೊಬ್ಬ ಸ್ಕೂಟರು ನಿಧಾನಿಸಿ ಕೈಮುಗಿದು ಎಡಗಡೆಯಲ್ಲೇ ಜೊತೆಗೆ ಬರತೊಡಗಿದ. ರಾಮಸ್ವಾಮಿ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿತ್ತು. ನಾನು ನಿಂತೆ. ಜಡತ್ವದ ಬಗ್ಗೆ ಬಾಳಪೂರ್ತಿ ಪಾಠ ಮಾಡಿದವರು ಆ ಕ್ಷಣಕ್ಕೆ ಎಡಗಡೆಯ ಶಿಷ್ಯನ ಯೋಗಕ್ಷೇಮ ವಿಚಾರಿಸುತ್ತಿದ್ದರು. ಅಂಬಾಸಿಡರು ಮಾತ್ರ ಪಾಠವನ್ನು ಮರೆತಿರಲಿಲ್ಲ. ಬಂದ ವೇಗದಲ್ಲೇ ಬಂದು ಕೊಂಡಿಗೆ ಮುತ್ತಿಟ್ಟಿತು. ಟೆನಿಸ್ ಚೆಂಡು ಚಟ್ಟೆಯಾಯಿತು. ಇಳಿದು ಬಂದ ಮೇಷ್ಟ್ರು ಚೆಂಡನ್ನೂ ಬಂಪರಿನ ತಗ್ಗನ್ನೂ ಕನ್ನಡಕ ಸರಿಮಾಡಿಕೊಂಡು ನೋಡಿ, “ಸರಿಯಾಗಿಯೇ ಇದೆ, ನ್ಯೂಟನ್ ಹೇಳಿದ ಹಾಗೇ ಆಗಿದೆ” ಎಂದು ತೀರ್ಪು ಕೊಟ್ಟರು.

ಕಾರು ರಿಪೇರಿಯಾಗಿ ಮನೆಗೆ ಬಂದು, ಸ್ವಲ್ಪ ದಿನಕ್ಕೆ ಮತ್ತೆ ಮಲಗಿತು. ಮೇಷ್ಟ್ರು ಗೇಟಿನ ಬಳಿ ಕಾಣಿಸಿಕೊಂಡರು. ನನಗೆ ಇಲ್ಲ ಎನ್ನುವ ಬಾಯಿಲ್ಲ. ನನ್ನ ಹೆಂಡತಿಗೆ ಅದು ಧಾರಾಳವಾಗಿದೆ. ಕೆಟ್ಟ ಗಾಡಿ ಎಳೆಯುವ ಬಗ್ಗೆ ಮೋಟಾರು ವಾಹನ ನಿಯಮಗಳಲ್ಲಿರುವುದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಅವಳು ಕಾಯುತ್ತಿದ್ದಳು. “ಬನ್ನಿ ಮೇಷ್ಟ್ರೇ, ಕಾಫಿ ತೊಗೊಳ್ಳಿ. ಎಳೀಬಹುದು. ಆದ್ರೆ ಎರಡು ಗಾಡಿ ಮಧ್ಯೆ ಐದು ಮೀಟರಿಗಿಂತ ಜಾಸ್ತಿ ಇರಬಾರದಂತೆ. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟಬಾರದಂತೆ. ಹಗ್ಗ ಎಲ್ಲರಿಗೂ ಎದ್ದು ಕಾಣಬೇಕಂತೆ. ಹಿಂದಿನ ಗಾಡೀಲಿ ಲೈಸೆನ್ಸ್ ಇರೋರೇ ಕೂರಬೇಕಂತೆ. ‘ಆನ್ ಟೋ’ ಅಂತ ಬಿಳಿ ಹಲಗೆ ಮೇಲೆ ಕಪ್ಪಕ್ಷರದಲ್ಲಿ ಬರೆದು ಹಿಂದೆ ತೂಗುಹಾಕಬೇಕಂತೆ. ಇಷ್ಟೆಲ್ಲ ರಗಳೆ ಯಾಕೆ ಹೇಳಿ!”

ಮೇಷ್ಟ್ರು ಕಾಫಿ ಮುಗಿಸಿ, “ಹೌದಲ್ಲ, ನಿಯಮ ಅಂದಮೇಲೆ ನಿಯಮ” ಎಂದು ಎದ್ದು ಹೋದರು. ಹೆಂಡತಿ ನನ್ನತ್ತ ತಿರುಗಿ, ಬ್ರೇಕು ಹೇಗೆ ಹಾಕಬೇಕು ಗೊತ್ತಾಯಿತೇ ಎನ್ನುವ ಹಾಗೆ ಹುಬ್ಬೇರಿಸಿದಳು.

ಮಾರನೆಯ ಬೆಳಿಗ್ಗೆ ಗೇಟು ಕಿರ್ರೆಂದಿತು. ಮೇಷ್ಟ್ರ ಒಂದು ಕೈಯಲ್ಲಿ ಟೇಪಿನಲ್ಲಿ ಅಳೆದು ಕತ್ತರಿಸಿದ, ಕೆಂಪು ಬಟ್ಟೆಯ ಚೂರುಗಳನ್ನು ಕಟ್ಟಿದ ಹೊಸ ನೈಲಾನ್ ಹಗ್ಗ. ಇನ್ನೊಂದು ಕೈಯಲ್ಲಿ ಬಿಳಿ ಹಲಗೆ. ಅದರ ಮೇಲೆ ಬೋರ್ಡಿನ ಮೇಲೆ ಬರೆದು ಪಳಗಿದ ದುಂಡಕ್ಷರದಲ್ಲಿ ‘ಆನ್ ಟೋ’, ಅದರ ಕೆಳಗೆ ‘ದಯವಿಟ್ಟು ಸಹಕರಿಸಿ’. ಹಲಗೆಯನ್ನು ನನ್ನ ಕೈಗಿತ್ತು, ಸುಮೋದ ಬೀಗದ ಕೈಗೆ ಕೈ ಚಾಚಿದರು.

“ಈ ಸಲ ಮುಂದಿನ ಗಾಡಿ ನಾನು ಓಡಿಸ್ತೀನಿ ಸ್ವಾಮಿ. ಹಿಂದೆ ನೀವು ಕೂತ್ಕೊಳ್ಳಿ. ಎಳೆಯೋದು ಸುಲಭ, ಬ್ರೇಕ್ ಹಾಕೋ ಜವಾಬ್ದಾರಿ ನನ್ನ ಕೈಲಾಗಲ್ಲ.”